ಮೋಟಾರು ವಾಹನದ ನಂಬರು: ಅದರ ಶಾಸನ, ಅದರ ಬೆಲೆ

ಕುಬೇರನ ರಾಜಧಾನಿಯ ಹೆಸರನ್ನು ಹೊತ್ತಿರುವ ವಡೋದರೆಯ ಆಲ್ಕಾಪುರಿ ಬಡಾವಣೆಯಲ್ಲಿ ಸಂಜೆಯ ಹೊತ್ತು ಸಾಲಾಗಿ ನಿಂತ ಮೋಟಾರುಗಳನ್ನು ಗಮನಿಸಿದರೆ ಮೂರು ಬಗೆಯ ನಂಬರುಗಳು ಕಣ್ಣಿಗೆ ಬೀಳುತ್ತವೆ. ಹೆಚ್ಚಿನವು ‘ಜಿ.ಜೆ. 06’ ಎಂದು ಆರಂಭವಾಗುವ ಸ್ಥಳೀಯ ನಂಬರುಗಳು. ನಡುನಡುವೆ ‘ಕೆ.ಎ. 19’ ಎಂಬ ಮಂಗಳೂರಿನದೋ ‘ಕೆ.ಎ. 25’ ಎಂಬ ಧಾರವಾಡದ್ದೋ ಒಂದು ನಂಬರು ಕಾಣಿಸಿ, ದೂರದಲ್ಲಿರುವ ಕನ್ನಡಿಗನಿಗೆ ಊರಿನವರೊಬ್ಬರು ಎದುರಾದಷ್ಟೇ ಹಿತವನ್ನುಂಟುಮಾಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇವೆರಡಕ್ಕೂ ಸೇರದ ಮೂರನೆಯದೊಂದು ಹುಟ್ಟಿಕೊಂಡಿದೆ. ಅದರಲ್ಲಿ ಯಾವ ರಾಜ್ಯದ ಅಕ್ಷರವೂ ಇಲ್ಲ. ಎರಡು ಅಂಕಿಗಳ ತರುವಾಯ ‘ಬಿ.ಎಚ್.’ ಎಂಬ ಅಕ್ಷರಗಳು ಮಾತ್ರ ಇರುತ್ತವೆ. ಈ ಮೂರರ ನಡುವಣ ವ್ಯತ್ಯಾಸವು ಅಕ್ಷರಗಳದ್ದಷ್ಟೇ ಅಲ್ಲ, ಸಾವಿರ ಲಕ್ಷಗಳ ಲೆಕ್ಕದ್ದೂ ಹೌದು. ಪರಸ್ಥಳದಲ್ಲಿ ನೆಲಸಿರುವ ಕನ್ನಡ ಕುಟುಂಬಗಳಲ್ಲಿ ಅನೇಕವು ಈ ಲೆಕ್ಕವನ್ನು ಅರಿಯುವುದು ಸಾರಿಗೆ ಕಚೇರಿಯ ಕಿಟಕಿಯ ಮುಂದೆ ನಿಂತ ಮೇಲೆಯೇ.

ನಂಬರು ಎಂಬುದು ಕಾಯಿದೆಯ ದೃಷ್ಟಿಯಲ್ಲಿ ಏನು ಎಂಬುದು ಮೊದಲು ಸ್ಪಷ್ಟವಾಗಬೇಕು. ಈಗ ಜಾರಿಯಲ್ಲಿರುವ ಮೋಟಾರು ವಾಹನ ಕಾಯಿದೆಯು 1988ರದು. 1989ರ ಜುಲೈ 1ರಿಂದ ಆಚರಣೆಗೆ ಬಂದದ್ದು. ಅದರ 39ನೆಯ ಪ್ರಕರಣದಂತೆ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸುವಂತಿಲ್ಲ. 41ನೆಯ ಪ್ರಕರಣದ 6ನೆಯ ಉಪಪ್ರಕರಣವು ನೋಂದಣಿ ಅಧಿಕಾರಿಯು ಪ್ರತಿಯೊಂದು ವಾಹನಕ್ಕೂ ಒಂದು ವಿಶಿಷ್ಟ ಗುರುತನ್ನು ಕೊಡತಕ್ಕದ್ದೆಂದು ವಿಧಿಸುತ್ತದೆ. ಆ ಗುರುತಿನ ಮೊದಲ ಅಕ್ಷರಗಳನ್ನು ರಾಜ್ಯಕ್ಕೆ ಹಂಚಿಕೊಡುವ ಅಧಿಕಾರ ಕೇಂದ್ರ ಸರಕಾರದ್ದು. ಗುಜರಾತಿಗೆ ‘ಜಿ.ಜೆ.’, ಕರ್ನಾಟಕಕ್ಕೆ ‘ಕೆ.ಎ.’ ಎಂದು ಗೊತ್ತಾದದ್ದು 1989ರ ಜೂನ್ 12ರ ಅಧಿಸೂಚನೆಯಿಂದ. ಅದಕ್ಕೂ ಹಿಂದೆ 1939ರ ಕಾಯಿದೆಯ ಕಾಲದಲ್ಲಿ ಮೈಸೂರು ರಾಜ್ಯದ ಗಾಡಿಗಳು ‘ಎಂ.ವೈ.’ ಎಂಬ ಅಕ್ಷರಗಳನ್ನೂ ಮುಂಬಯಿ ರಾಜ್ಯದವು ‘ಬಿ.ಎಂ.’ ಮೊದಲಾದ ಅಕ್ಷರಗಳನ್ನೂ ಹೊತ್ತು ತಿರುಗುತ್ತಿದ್ದವು.

ಇಲ್ಲಿ ಚರಿತ್ರೆಯ ಒಂದು ಸಂಗತಿಯನ್ನು ನೆನೆಯಬಹುದು. ಬಡೋದೆಯ ಸಂಸ್ಥಾನವು 1949ರ ಮೇ 1ರಂದು ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅದೇ ರಾಜ್ಯದಲ್ಲಿದ್ದು 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿದವು. ಎಂದರೆ ಏಳು ವರ್ಷಗಳಿಗೂ ಮಿಕ್ಕಿದ ಕಾಲ ಧಾರವಾಡ ಮತ್ತು ಬಡೋದೆ ಒಂದೇ ರಾಜ್ಯದ ಊರುಗಳು. ಧಾರವಾಡದ ವಕೀಲನೊಬ್ಬನು ಆಗ ತನ್ನ ಮೋಟಾರಿನಲ್ಲಿ ಬಡೋದೆಗೆ ಬಂದು ನೆಲಸಿದ್ದರೆ ನಂಬರಿನ ರಾಜ್ಯಾಕ್ಷರವನ್ನು ಬದಲಾಯಿಸುವ ಪ್ರಸಂಗವೇ ಒದಗುತ್ತಿರಲಿಲ್ಲ. ಗಡಿಗಳು ಸರಿದಂತೆ ಅಕ್ಷರಗಳೂ ಸರಿದವು. ಅವುಗಳ ಬೆನ್ನಿಗೇ ತೆರಿಗೆಯೂ ಬಂದಿತು.

ಫಲಕದ ರೂಪದ ವಿಷಯದಲ್ಲಿ ರಾಜ್ಯಗಳಿಗೆ ಸ್ವಾತಂತ್ರ್ಯವಿಲ್ಲ. ಅದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ವಿಚಾರ. ಕಾರಿನ ಮೇಲಣ ಅಕ್ಷರ ಮತ್ತು ಅಂಕಿಗಳ ಎತ್ತರ 65 ಮಿಲಿಮೀಟರು, ದಪ್ಪ 10 ಮಿಲಿಮೀಟರು, ನಡುವಣ ತೆರಪು 10 ಮಿಲಿಮೀಟರು ಎಂಬಷ್ಟು ಸೂಕ್ಷ್ಮವಾಗಿ ನಿಯಮವು ಮಾತನಾಡುತ್ತದೆ. ಖಾಸಗಿ ವಾಹನಕ್ಕೆ ಬಿಳಿಯ ಮೇಲೆ ಕರಿಯ ಬರಹ. ಬಾಡಿಗೆಯ ವಾಹನಕ್ಕೆ ಹಳದಿಯ ಮೇಲೆ ಕರಿಯದು. 2018ರಿಂದ ವಿದ್ಯುತ್ ವಾಹನಕ್ಕೆ ಹಸುರು ಹಿನ್ನೆಲೆ. ಅಕ್ಷರಗಳು ಇಂಗ್ಲಿಷಿನವು, ಅಂಕಿಗಳು ಅಂತಾರಾಷ್ಟ್ರೀಯ ರೂಪದವು. ಕನ್ನಡ ಅಂಕಿಗಳನ್ನು ಅಭಿಮಾನದಿಂದ ಬರೆಸಿಕೊಂಡು ದಂಡ ತೆತ್ತವರು ಕರ್ನಾಟಕದಲ್ಲಿ ಇದ್ದಾರೆ. ಗುಜರಾತಿಯ ಅಂಕಿಗಳಿಗೂ ಇದೇ ಗತಿ. ಫಲಕದ ಮೇಲೆ ಬೇರೆ ಹೆಸರಾಗಲಿ ಚಿತ್ರವಾಗಲಿ ಅಲಂಕಾರವಾಗಲಿ ಇರಬಾರದೆಂದೂ ನಿಯಮವಿರುವುದರಿಂದ ಹಳದಿ ಕೆಂಪು ಬಣ್ಣದ ಪಟ್ಟಿಗೂ ದೇವರ ಹೆಸರಿಗೂ ಅಲ್ಲಿ ಸ್ಥಳವಿಲ್ಲ. ಸಾವಿರಾರು ಮೈಲಿ ಓಡುವ ಗಾಡಿಯನ್ನು ಯಾವ ರಾಜ್ಯದ ಪೋಲೀಸರೂ ಓದಬಲ್ಲಂತಿರಬೇಕೆಂಬ ಕಾರಣವು ಸಾಧುವಾದದ್ದೇ. ಆದರೆ ಅದೇ ಫಲಕದ ಒಂದು ಮೂಲೆಯಲ್ಲಿ ನಾಡಭಾಷೆಗೆ ಎರಡಂಗುಲ ಬಿಟ್ಟುಕೊಟ್ಟಿದ್ದರೆ ಈ ಕಾರಣಕ್ಕೆ ಕುಂದು ಬರುತ್ತಿತ್ತೆಂದು ತೋರುವುದಿಲ್ಲ.

ಕಳ್ಳತನವನ್ನೂ ನಕಲಿ ಫಲಕಗಳನ್ನೂ ತಡೆಯಲೆಂದು ‘ಅತಿ ಸುರಕ್ಷಿತ ನೋಂದಣಿ ಫಲಕ’ದ ನಿಯಮವು 2001ರಲ್ಲಿ ಬಂದಿತು. ಅಲ್ಯೂಮಿನಿಯಂ ತಗಡು, ಅಶೋಕಚಕ್ರದ ಹೊಳೆಯುವ ಮುದ್ರೆ, ಲೇಸರಿನಿಂದ ಕೊರೆದ ಕ್ರಮಸಂಖ್ಯೆ, ಒಮ್ಮೆ ಬಿಗಿದರೆ ಮುರಿಯದೆ ಬಿಚ್ಚಲಾಗದ ಬೀಗ, ಇವು ಅದರ ಲಕ್ಷಣಗಳು. ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಈ ಯೋಜನೆಯನ್ನು ಎತ್ತಿಹಿಡಿದರೂ ರಾಜ್ಯಗಳು ನಡೆದದ್ದು ಆಮೆಯ ನಡಿಗೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ತಯಾರಕರೇ ಇದನ್ನು ಒದಗಿಸಬೇಕಾಯಿತು. ಅದಕ್ಕೂ ಹಳೆಯ ವಾಹನಗಳಿಗೆ ಕರ್ನಾಟಕವು 2023ರ ನವೆಂಬರ್ 17ರ ಗಡುವನ್ನು ಇಟ್ಟು ಬಳಿಕ ಅದನ್ನು ಮತ್ತೆ ಮತ್ತೆ ಮುಂದೂಡಿತು. ಗುಜರಾತಿನಲ್ಲಿರುವ ಕರ್ನಾಟಕದ ಗಾಡಿಗಳ ಒಡೆಯರಿಗೆ ಇದರಿಂದಾದ ತೊಡಕು ಸಣ್ಣದಲ್ಲ.

ರೂಪವು ಕೇಂದ್ರದ್ದಾದರೆ ಬೆಲೆಯು ರಾಜ್ಯದ್ದು. ಈ ಬೆಲೆಯಲ್ಲಿ ಎರಡು ಜಾತಿ: ಒಂದು ಬೇಕೆಂದು ಕೊಡುವುದು, ಇನ್ನೊಂದು ಬೇಡವೆಂದರೂ ತಪ್ಪದ್ದು.

ಬೇಕೆಂದು ಕೊಡುವ ಬೆಲೆಯು ಇಷ್ಟದ ನಂಬರಿನದು. 1, 7, 9, 786, 1111, 9999 ಇಂಥ ಅಂಕಿಗಳಿಗಾಗಿ ಮುಗಿಬೀಳುವ ಜನ ಎಲ್ಲ ರಾಜ್ಯಗಳಲ್ಲಿಯೂ ಉಂಟು. ಒಬ್ಬರಿಗೆ ಅಂಕಿಗಳ ಮೊತ್ತ ಒಂಬತ್ತಾಗಬೇಕು, ಇನ್ನೊಬ್ಬರಿಗೆ ತಂದೆಯ ಹಳೆಯ ಗಾಡಿಯ ಸಂಖ್ಯೆಯೇ ಬೇಕು. ವ್ಯಾಪಾರವನ್ನು ರಕ್ತಗತ ಮಾಡಿಕೊಂಡಿರುವ ಗುಜರಾತು ಇದನ್ನು ಅಚ್ಚುಕಟ್ಟಾಗಿ ವರ್ಗೀಕರಿಸಿದೆ. ಇಲ್ಲಿ ‘ಸುವರ್ಣ’ ನಂಬರುಗಳೆಂದೂ ‘ರಜತ’ ನಂಬರುಗಳೆಂದೂ ಶ್ರೇಣಿಗಳಿದ್ದು ಒಂದೊಂದಕ್ಕೂ ಕನಿಷ್ಠ ದರವಿದೆ; ದ್ವಿಚಕ್ರಕ್ಕೆ ಬೇರೆ, ಕಾರಿಗೆ ಬೇರೆ. ಹೊಸ ಸರಣಿ ತೆರೆದಾಗ ಅಂತರ್ಜಾಲದ ಮೂಲಕ ಹರಾಜು ನಡೆಯುತ್ತದೆ. ಕರ್ನಾಟಕದಲ್ಲಿಯೂ ಹರಾಜಿನ ಪದ್ಧತಿಯಿದೆ.

ರಾಜ್ಯವು ಸಂಖ್ಯೆಯನ್ನು ಮಾರಬಹುದೆ? ಇದು ಮೇಲುನೋಟಕ್ಕೆ ಕಾಣುವಷ್ಟು ಕ್ಷುಲ್ಲಕವಾದ ಪ್ರಶ್ನೆಯಲ್ಲ. ಸಂವಿಧಾನದಂತೆ ಶಾಸನದ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಎತ್ತಲಾಗದು. ಮಧ್ಯಪ್ರದೇಶವು ತನ್ನ 1994ರ ಮೋಟಾರು ವಾಹನ ನಿಯಮಗಳಲ್ಲಿ 55 ‘ಎ’ ಎಂಬ ನಿಯಮವನ್ನು ಸೇರಿಸಿ ಆಯ್ದ ಸಂಖ್ಯೆಗಳನ್ನು ಕಾಯ್ದಿರಿಸಿ ಹರಾಜು ಹಾಕತೊಡಗಿದಾಗ ಅಲ್ಲಿನ ಉಚ್ಚ ನ್ಯಾಯಾಲಯವು ಅದನ್ನು ಅಸಿಂಧುವೆಂದಿತು. ಗುರುತನ್ನು ಕೊಡುವುದು ಅಧಿಕಾರಿಯ ಕರ್ತವ್ಯವೇ ಹೊರತು ಮಾರುವ ಸರಕಲ್ಲ ಎಂಬುದು ಅದನ್ನು ಪ್ರಶ್ನಿಸಿದವರ ವಾದದ ತಿರುಳು. ರಾಜ್ಯವು ಮೇಲ್ಮನವಿ ಹೋಯಿತು. ‘ಮಧ್ಯಪ್ರದೇಶ ರಾಜ್ಯ ಮತ್ತು ರಾಕೇಶ್ ಸೇಥಿ’ ಎಂಬ ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟಿನಲ್ಲಿ ತೀರ್ಪಿತ್ತು ನಿಯಮವನ್ನು ಉಳಿಸಿತು. ರಾಜ್ಯಾಕ್ಷರಗಳನ್ನು ಹಂಚುವುದಷ್ಟೇ ಕೇಂದ್ರದ ಕೆಲಸ. ಅವುಗಳ ಒಳಗೆ ಸಂಖ್ಯೆಗಳನ್ನು ಕೊಡುವುದೂ ಕಾಯ್ದಿರಿಸುವುದೂ ರಾಜ್ಯದ ಅಧಿಕಾರಿಗೆ ಸೇರಿದ್ದು. ಬೇಡಿದ ಸಂಖ್ಯೆಯನ್ನು ಕೊಡುವುದು ಒಂದು ಸೇವೆ. ಸೇವೆಗೆ ಶುಲ್ಕ ವಿಧಿಸಲು ಕಾಯಿದೆಯ 211ನೆಯ ಪ್ರಕರಣವೇ ಅನುಮತಿಸುತ್ತದೆ ಎಂಬುದು ತೀರ್ಪಿನ ಸಾರಾಂಶ.

ತೀರ್ಪು ನ್ಯಾಯಶಾಸ್ತ್ರಕ್ಕೆ ಒಪ್ಪುವಂಥದು. ಸಂಖ್ಯೆಯೇ ಬೇಡವೆನ್ನುವವನಿಗೆ ಸರದಿಯಲ್ಲಿ ಬಂದದ್ದು ಹೆಚ್ಚಿನ ಹಣವಿಲ್ಲದೆ ದೊರೆಯುತ್ತದಾದುದರಿಂದ ಹರಾಜಿನಿಂದ ಯಾರಿಗೂ ಅನ್ಯಾಯವಿಲ್ಲ. ಉಳ್ಳವನ ಡಂಭವು ಬೊಕ್ಕಸಕ್ಕೆ ಬಂದರೆ ರಸ್ತೆಗಾದರೂ ಆದೀತು. ದುಬಾಯಿಯಲ್ಲಿ 2023ರ ಏಪ್ರಿಲಿನಲ್ಲಿ ‘ಪಿ 7’ ಎಂಬ ಒಂದು ಫಲಕವು 5.5 ಕೋಟಿ ದಿರ್ಹಮುಗಳಿಗೆ ದಾನಾರ್ಥವಾದ ಹರಾಜಿನಲ್ಲಿ ಮಾರಾಟವಾಯಿತೆಂದರೆ ಈ ಚಪಲಕ್ಕೆ ದೇಶಕಾಲಗಳ ಕಟ್ಟಿಲ್ಲವೆಂಬುದು ತಿಳಿಯುತ್ತದೆ.

ಅಮೆರಿಕದಲ್ಲಿ ನೆಲಸಿರುವ ಬಂಧುಗಳ ಮನೆಗೆ ಹೋಗಿಬಂದವರು ಅಲ್ಲಿನ ಬಣ್ಣಬಣ್ಣದ ಫಲಕಗಳನ್ನು ಕಂಡಿರುವರು. ಅಲ್ಲಿ ಪ್ರತಿಯೊಂದು ರಾಜ್ಯದ ಶಾಸನಸಭೆಯೂ ವಿಶ್ವವಿದ್ಯಾಲಯಕ್ಕೊಂದು, ವನ್ಯಮೃಗ ಸಂರಕ್ಷಣೆಗೊಂದು, ಸೈನಿಕರ ಕ್ಷೇಮಕ್ಕೊಂದು ಎಂದು ವಿಶೇಷ ಫಲಕಗಳನ್ನು ಮಂಜೂರು ಮಾಡುತ್ತದೆ. ಅದಕ್ಕೆ ತೆತ್ತ ಹೆಚ್ಚಿನ ಶುಲ್ಕದಲ್ಲಿ ಒಂದು ಪಾಲು ಆಯಾ ಕಾರ್ಯಕ್ಕೆ ಸಲ್ಲುತ್ತದೆ. 1986ರ ಚಾಲೆಂಜರ್ ಗಗನನೌಕೆಯ ದುರಂತದ ಸ್ಮರಣೆಗೆ ಫ್ಲಾರಿಡಾ ರಾಜ್ಯವು ಹೊರಡಿಸಿದ ಫಲಕವು ಇದರ ಪ್ರಸಿದ್ಧ ನಿದರ್ಶನ. ಆದರೆ ಯಾವ ಸಂಘಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬ ಕಲಹವೂ ಅದರೊಡನೆ ಹುಟ್ಟಿತು. ಟೆಕ್ಸಾಸ್ ರಾಜ್ಯವು ಅಂತರ್ಯುದ್ಧದ ದಕ್ಷಿಣ ಪಕ್ಷದ ಧ್ವಜವಿರುವ ಫಲಕವನ್ನು ನಿರಾಕರಿಸಿದ ವ್ಯಾಜ್ಯದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ಐವರು ನ್ಯಾಯಮೂರ್ತಿಗಳ ಬಹುಮತದಿಂದ, ಫಲಕದ ಮೇಲಣ ಮಾತು ಸರಕಾರದ ಮಾತೇ ಹೊರತು ಗಾಡಿಯ ಒಡೆಯನದಲ್ಲವೆಂದು ನಿರ್ಣಯಿಸಿತು. ಭಾರತದಲ್ಲಿ ಫಲಕಕ್ಕೆ ಮಾತೇ ಇಲ್ಲದಿರುವುದರಿಂದ ಈ ಕಲಹವೂ ಇಲ್ಲ. ಇಲ್ಲಿ ಅದರ ಹತ್ತಿರಕ್ಕೆ ಬರುವುದು 2021ರ ಜುಲೈಯಲ್ಲಿ ಹೊರಟ ಪುರಾತನ ವಾಹನಗಳ ನಿಯಮ. ಐವತ್ತು ವರ್ಷ ದಾಟಿ ಮೂಲರೂಪದಲ್ಲಿಯೇ ಉಳಿದಿರುವ ವಾಹನಕ್ಕೆ ರಾಜ್ಯಾಕ್ಷರದ ಮುಂದೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ಫಲಕ ದೊರೆಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷಗಳ ಬಳಿಕ ಮರುನೋಂದಣಿಗೆ 5,000 ರೂಪಾಯಿ. ಸಂಸ್ಥಾನಿಕರ ಕಾಲದ ಗಾಡಿಗಳು ಹೇರಳವಾಗಿ ಉಳಿದಿರುವ ಗುಜರಾತಿಗೆ ಇದು ಬೇಕಾಗಿದ್ದ ಏರ್ಪಾಡು. ಅಹಮದಾಬಾದಿನ ಸಮೀಪದ ಕಠವಾಡಾದ ವಾಹನ ಸಂಗ್ರಹಾಲಯವನ್ನು ನೋಡಿದವರಿಗೆ ಆ ಹೇರಳತೆಯ ಅಂದಾಜು ಸಿಕ್ಕೀತು.

ಇನ್ನು ತಪ್ಪಿಸಿಕೊಳ್ಳಲಾಗದ ಬೆಲೆ. ಇದರ ಮೂಲ ಸಂವಿಧಾನದ ಏಳನೆಯ ಅನುಸೂಚಿಯಲ್ಲಿದೆ. ವಾಹನಗಳ ಮೇಲಣ ತೆರಿಗೆಯು ರಾಜ್ಯಪಟ್ಟಿಯ 57ನೆಯ ಬಾಬು; ಆ ತೆರಿಗೆಯು ಯಾವ ತತ್ತ್ವಗಳ ಮೇಲೆ ನಡೆಯಬೇಕೆಂಬುದು ಸಮವರ್ತಿ ಪಟ್ಟಿಯ 35ನೆಯ ಬಾಬು. ಎಂದರೆ ದರವನ್ನು ಗೊತ್ತುಮಾಡುವವರು ರಾಜ್ಯದವರು, ತತ್ತ್ವವನ್ನು ಹೇಳಬಲ್ಲವರು ಕೇಂದ್ರದವರೂ ಹೌದು. ಕರ್ನಾಟಕದ ತೆರಿಗೆಯು 1957ರ ಕಾಯಿದೆಯಂತೆ, ಗುಜರಾತಿನದು ಮುಂಬಯಿ ರಾಜ್ಯದಿಂದ ಬಳುವಳಿಯಾಗಿ ಬಂದ 1958ರ ಕಾಯಿದೆಯಂತೆ ನಡೆಯುತ್ತದೆ. ಖಾಸಗಿ ಕಾರಿಗೆ ಎರಡೂ ರಾಜ್ಯಗಳು ಜೀವಾವಧಿ ತೆರಿಗೆಯನ್ನು ಒಂದೇ ಗಂಟಿನಲ್ಲಿ ಪಡೆಯುತ್ತವೆ. ಆದರೆ ಗಂಟಿನ ತೂಕ ಬೇರೆ. ಗುಜರಾತಿನಲ್ಲಿ ದೇಶೀಯ ಕಾರಿಗೆ ಬಹುಕಾಲದಿಂದ ಶೇಕಡ 6. ಕರ್ನಾಟಕದಲ್ಲಿ 5 ಲಕ್ಷದವರೆಗಿನ ಕಾರಿಗೆ ಶೇಕಡ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರ ಮೇಲೆ 18. ಇದರ ಮೇಲೆ ಉಪಕರ ಬೇರೆ. ಬೆಲೆಯಲ್ಲಿ ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಎಂಬ ಸೂಕ್ಷ್ಮವನ್ನು ಬದಿಗಿಟ್ಟು 12 ಲಕ್ಷದ ಕಾರನ್ನು ತೆಗೆದುಕೊಂಡರೆ ವಡೋದರೆಯಲ್ಲಿ 72,000 ರೂಪಾಯಿ, ಬೆಂಗಳೂರಿನಲ್ಲಿ ಉಪಕರವನ್ನು ಬಿಟ್ಟೇ 2,04,000 ರೂಪಾಯಿ.

ಒಂದೇ ಊರಿನಲ್ಲಿ ಹುಟ್ಟಿ ಅಲ್ಲಿಯೇ ಬಾಳುವವನಿಗೆ ಈ ವ್ಯತ್ಯಾಸವು ವಾರ್ತಾಪತ್ರಿಕೆಯ ಸುದ್ದಿ ಮಾತ್ರ. ವರ್ಗವಾಗಿ ಬರುವವನಿಗೆ ಹಾಗಲ್ಲ. ಕೊಯಲಿಯ ತೈಲ ಶುದ್ಧೀಕರಣಾಲಯಕ್ಕೂ ಅಂಕಲೇಶ್ವರದ ತೈಲಕ್ಷೇತ್ರಕ್ಕೂ ಸೂರತಿನ ಕಾರ್ಖಾನೆಗಳಿಗೂ ಕನ್ನಡಿಗರು ದಶಕಗಳಿಂದ ಬರುತ್ತಿದ್ದಾರೆ. ಬ್ಯಾಂಕುಗಳ ಕತೆಯಂತೂ ವಿಶೇಷವೇ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, 1908ರಲ್ಲಿ ಇದೇ ವಡೋದರೆಯಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದ ಮೇಲೆ ಕರಾವಳಿಯ ಅಧಿಕಾರಿಗಳಿಗೆ ಗುಜರಾತು ದೂರದ ನಾಡಾಗಿ ಉಳಿಯಲಿಲ್ಲ. ಇಂಥವರು ಊರಿನಿಂದ ಗಾಡಿಯನ್ನು ತಂದರೆ ಕಾಯಿದೆಯ 47ನೆಯ ಪ್ರಕರಣವು ಎದುರು ನಿಲ್ಲುತ್ತದೆ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವು ಮತ್ತೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇದ್ದರೆ ಅಲ್ಲಿನ ಹೊಸ ನಂಬರಿಗೆ ಅರ್ಜಿ ಹಾಕಲೇಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅದರ ಅರ್ಜಿ 28ನೆಯ ನಮೂನೆ, ಹೊಸ ನಂಬರಿನದು 27ನೆಯ ನಮೂನೆ. ಗಾಡಿ ಸಾಲದ ಮೇಲಿದ್ದರೆ ಸಾಲ ಕೊಟ್ಟವರ ಒಪ್ಪಿಗೆ, ಕಳವಿನ ಮಾಲಲ್ಲವೆಂಬ ಪೋಲೀಸು ದಾಖಲೆ, ಬಾಕಿಯಿಲ್ಲವೆಂಬ ರುಜುವಾತು. ಮೂವತ್ತು ದಿನಗಳಲ್ಲಿ ಕಚೇರಿಯು ಉತ್ತರಿಸದಿದ್ದರೆ ಆಕ್ಷೇಪಣೆಯಿಲ್ಲವೆಂದೇ ಭಾವಿಸತಕ್ಕದ್ದೆಂದು 48ನೆಯ ಪ್ರಕರಣವು ಉದಾರವಾಗಿ ಹೇಳುತ್ತದಾದರೂ ಆ ‘ಭಾವನೆ’ಯನ್ನು ಹಿಡಿದು ಬೇರೊಂದು ರಾಜ್ಯದ ಕಚೇರಿಯಲ್ಲಿ ಕೆಲಸ ಸಾಧಿಸುವುದು ಸುಲಭವಲ್ಲ.

ಇದರಲ್ಲಿ ಕಣ್ಣಿಗೆ ಕಾಣದ ನಷ್ಟವೊಂದಿದೆ. ಹೊಸ ರಾಜ್ಯದ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಮೊದಲು ಕಟ್ಟಬೇಕು; ಹಳೆಯ ರಾಜ್ಯದಲ್ಲಿ ಉಳಿದ ಅವಧಿಯ ತೆರಿಗೆಯನ್ನು ಆಮೇಲೆ ಮರಳಿ ಕೇಳಬೇಕು. ಕೇಳುವವನು ಸಾವಿರ ಮೈಲಿ ದೂರದಲ್ಲಿರುತ್ತಾನೆ. ಬಡ್ಡಿಯ ಲೆಕ್ಕ ಬಲ್ಲವನಿಗೆ ಈ ನಡುವಣ ಅವಧಿಯೇ ಒಂದು ತೆರಿಗೆ. ಅನೇಕರು ಮರುಪಾವತಿಯ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ವರ್ಗವಾದಾಗಲೆಲ್ಲ ಗಾಡಿಯನ್ನು ಬಂದ ಬೆಲೆಗೆ ಮಾರಿಬಿಡುತ್ತಾರೆ. ಮರಳಿ ಊರಿಗೆ ಹೋಗುವವನ ಸ್ಥಿತಿ ಇನ್ನೂ ಕಷ್ಟದ್ದು. ಆರರ ದರದಲ್ಲಿ ಕೊಂಡ ಗಾಡಿಯನ್ನು ಹದಿನೇಳರ ನಾಡಿಗೆ ಒಯ್ಯಬೇಕು. ನಿವೃತ್ತನಾಗಿ ಹುಬ್ಬಳ್ಳಿಗೋ ಉಡುಪಿಗೋ ಹೊರಟವನಿಗೆ ಊರು ಸ್ವಾಗತಿಸುವುದು ತೆರಿಗೆಯ ಚೀಟಿಯಿಂದ.

ಕರ್ನಾಟಕವು ಒಂದು ಕಾಲಕ್ಕೆ ಈ ಹನ್ನೆರಡು ತಿಂಗಳ ಸಡಿಲನ್ನೂ ಕೊಡಲು ಒಪ್ಪಲಿಲ್ಲ. ಹೊರರಾಜ್ಯದ ಗಾಡಿಯು ಮೂವತ್ತು ದಿನ ಮೀರಿ ಇದ್ದರೆ ಜೀವಾವಧಿ ತೆರಿಗೆ ಕಟ್ಟಬೇಕೆಂದು 2014ರಲ್ಲಿ ತನ್ನ ಕಾಯಿದೆಗೆ ತಿದ್ದುಪಡಿ ತಂದಿತು. ಬೆಂಗಳೂರಿನ ರಸ್ತೆಗಳಲ್ಲಿ ಹೊರನಾಡಿನ ಗಾಡಿಗಳನ್ನು ತಡೆದು ನಿಲ್ಲಿಸಿದ ಪ್ರಸಂಗಗಳು ಆಗ ಬಹಳ ಸುದ್ದಿಯಾದವು. ಪಾಂಡಿಚೇರಿಯಂಥ ಕಡಿಮೆ ತೆರಿಗೆಯ ಪ್ರದೇಶಗಳಲ್ಲಿ ನೋಂದಣಿ ಮಾಡಿಸಿ ಬೆಂಗಳೂರಿನಲ್ಲಿ ಮೆರೆಯುವ ಶ್ರೀಮಂತರ ಮೋಸವನ್ನು ತಡೆಯಲು ರಾಜ್ಯಕ್ಕೆ ಕಾರಣವಿತ್ತೆಂಬುದು ನಿಜ. ಆದರೆ ಬಲೆಯಲ್ಲಿ ಸಿಕ್ಕಿದವರು ವರ್ಗವಾಗಿ ಬಂದ ನೌಕರರೂ ರಜೆಗೆ ಬಂದ ಮಕ್ಕಳೂ ಆಗಿದ್ದರು. ಕೇಂದ್ರದ ಕಾಯಿದೆಯೇ ಹನ್ನೆರಡು ತಿಂಗಳ ಅವಕಾಶವನ್ನು ಕೊಟ್ಟಿರುವಾಗ ಈ ತಿದ್ದುಪಡಿ ನಿಲ್ಲದೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2016ರಲ್ಲಿ ತೀರ್ಪಿತ್ತಿತು.

ಈ ತೊಡಕಿಗೆ ಮದ್ದೆಂದು ಕೇಂದ್ರವು 2021ರ ಆಗಸ್ಟ್ 26ರಂದು ‘ಬಿ.ಎಚ್.’ ಸರಣಿಯ ನಿಯಮವನ್ನು ಹೊರಡಿಸಿತು. ಸೆಪ್ಟೆಂಬರ್ 15ರಿಂದ ಅದು ಜಾರಿಗೆ ಬಂದಿತು. ಬಿ.ಎಚ್. ಎಂದರೆ ಭಾರತ. ನೋಂದಣಿಯಾದ ವರ್ಷದ ಕೊನೆಯ ಎರಡಂಕಿ, ಬಳಿಕ ಈ ಎರಡಕ್ಷರ, ಬಳಿಕ ನಾಲ್ಕಂಕಿಯ ಸಂಖ್ಯೆ, ಕೊನೆಗೆ ಸರಣಿಯ ಅಕ್ಷರಗಳು. ಸೈನಿಕರು, ಕೇಂದ್ರ ಮತ್ತು ರಾಜ್ಯ ಸರಕಾರಗಳ ಹಾಗೂ ಸಾರ್ವಜನಿಕ ಉದ್ಯಮಗಳ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಗಳುಳ್ಳ ಖಾಸಗಿ ಸಂಸ್ಥೆಗಳ ನೌಕರರು ಇದಕ್ಕೆ ಅರ್ಹರು. ತೆರಿಗೆಯ ದರ 10 ಲಕ್ಷದವರೆಗೆ ಶೇಕಡ 8, 20 ಲಕ್ಷದವರೆಗೆ 10, ಮೇಲೆ 12. ಡೀಸೆಲ್ ಗಾಡಿಗೆ ಶೇಕಡ 2 ಹೆಚ್ಚು, ವಿದ್ಯುತ್ ಗಾಡಿಗೆ ಶೇಕಡ 2 ಕಡಿಮೆ. ಇದನ್ನು ಒಂದೇ ಗಂಟಿನಲ್ಲಿ ಕಟ್ಟಬೇಕಾಗಿಲ್ಲ. ಎರಡು ವರ್ಷಕ್ಕೋ ಎರಡರ ಗುಣಕಗಳಷ್ಟು ವರ್ಷಗಳಿಗೋ ಅಂತರ್ಜಾಲದ ಮೂಲಕ ಕಟ್ಟಬಹುದು. ರಾಜ್ಯದಿಂದ ರಾಜ್ಯಕ್ಕೆ ಹೋದಾಗ ನಂಬರು ಬದಲಾಗುವುದಿಲ್ಲ, ನಿರಾಕ್ಷೇಪಣಾ ಪತ್ರವೂ ಬೇಡ, ಮರುಪಾವತಿಗಾಗಿ ಅಲೆದಾಟವೂ ಇಲ್ಲ.

ವಿಚಾರಿಸಬೇಕಾದದ್ದು ಈ ದರಗಳನ್ನು ಎರಡು ರಾಜ್ಯಗಳ ದರಗಳ ಪಕ್ಕದಲ್ಲಿಟ್ಟಾಗ ಕಾಣುವ ಸ್ವಾರಸ್ಯ. ಕರ್ನಾಟಕದಲ್ಲಿ ಕೊಳ್ಳುವವನಿಗೆ ಬಿ.ಎಚ್. ಫಲಕವು ದೊಡ್ಡ ಉಳಿತಾಯ. ಗುಜರಾತಿನಲ್ಲಿ ಕೊಳ್ಳುವವನಿಗೆ ದರವನ್ನಷ್ಟೇ ನೋಡಿದರೆ ಅದು ದುಬಾರಿ. ಇಲ್ಲಿಯೇ ಕೊನೆತನಕ ಇರುವೆನೆಂದು ನಿಶ್ಚಯಿಸಿದವನಿಗೆ ‘ಜಿ.ಜೆ.’ ಅಕ್ಷರಗಳೇ ಲಾಭ. ಆದುದರಿಂದ ಆಲ್ಕಾಪುರಿಯ ಕನ್ನಡಿಗನು ಕಾರು ಕೊಳ್ಳುವಾಗ ಉತ್ತರಿಸಬೇಕಾದ ಪ್ರಶ್ನೆ ವಾಹನಕ್ಕೆ ಸಂಬಂಧಿಸಿದ್ದಲ್ಲ: ತಾನು ಊರಿಗೆ ಮರಳುವವನೆ, ಅಲ್ಲವೆ ಎಂಬುದು. ಮೂವತ್ತು ವರ್ಷ ಇಲ್ಲಿದ್ದೂ ಈ ಪ್ರಶ್ನೆಯನ್ನು ಮನೆಯಲ್ಲಿ ಎತ್ತದೆ ದಾಟಿಸಿಕೊಂಡು ಬಂದ ಸಂಸಾರಗಳು ಎಷ್ಟೋ ಇವೆ. ಅರ್ಜಿಯ ನಮೂನೆಯು ಅವರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ರಾಜ್ಯಗಳಿಗೆ ಈ ಸರಣಿ ಪ್ರಿಯವಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ದರವು ಹೆಚ್ಚಿರುವ ರಾಜ್ಯಕ್ಕೆ ಬೊಕ್ಕಸದ ನಷ್ಟ ಸ್ಪಷ್ಟವಾಗಿಯೇ ಇದೆ. ಜೀವಾವಧಿಯ ಗಂಟು ಎರಡು ವರ್ಷದ ಕಂತಾಗಿ ಕರಗುತ್ತದೆ. ತೆರಿಗೆಯ ತತ್ತ್ವವನ್ನು ಹೇಳುವ ಅಧಿಕಾರದಿಂದ ಕೇಂದ್ರವು ದರವನ್ನೇ ಗೊತ್ತುಮಾಡಬಹುದೆ ಎಂಬ ಪ್ರಶ್ನೆ 57 ಮತ್ತು 35ನೆಯ ಬಾಬುಗಳ ನಡುವೆ ಉಳಿದೇ ಇದೆ. ಖಾಸಗಿ ಸಂಸ್ಥೆಗಳ ನೌಕರರಿಗೆ ಈ ಫಲಕವನ್ನು ಕೊಡಲು ಕರ್ನಾಟಕದ ಸಾರಿಗೆ ಇಲಾಖೆಯು ಹಿಂಜರಿದಾಗ ವಿಷಯವು ಉಚ್ಚ ನ್ಯಾಯಾಲಯಕ್ಕೆ ಹೋಗಿ 2022ರಲ್ಲಿ ನೌಕರರ ಪರವಾಗಿ ತೀರ್ಪಾಯಿತು. ರಾಜ್ಯದ ನಿಲುವು ತಪ್ಪೆಂದು ತಳ್ಳಿಹಾಕುವಂತಿಲ್ಲ. ಗಾಡಿ ಸವೆಸುವುದು ರಾಜ್ಯದ ರಸ್ತೆಯನ್ನೇ. ಆದರೆ ಜೀವಾವಧಿ ಎಂಬ ಮಾತನ್ನು ಕಾಯಿದೆಯಲ್ಲಿ ಬರೆದ ಕಾಲಕ್ಕೆ ಮನುಷ್ಯನ ಜೀವಾವಧಿಯು ಒಂದೇ ರಾಜ್ಯದಲ್ಲಿ ಕಳೆಯುವುದೆಂಬ ಊಹೆಯಿತ್ತು. ಆ ಊಹೆ ಕೆಟ್ಟ ಮೇಲೂ ತೆರಿಗೆ ಹಾಗೆಯೇ ನಿಂತಿದೆ. ಇರುವಷ್ಟು ವರ್ಷಕ್ಕೆ, ಇರುವ ಕಡೆಗೆ ತೆರುವ ಕಂತಿನ ಕ್ರಮವೇ ಎಲ್ಲ ಗಾಡಿಗಳಿಗೂ ನ್ಯಾಯವಾದದ್ದೆಂದು ಹೇಳದೆ ಗತ್ಯಂತರವಿಲ್ಲ.

ಈ ಫಲಕವನ್ನು ಪಡೆಯಬಯಸುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಖಾಸಗಿ ನೌಕರನಾದರೆ ಸಂಸ್ಥೆಯಿಂದ 60ನೆಯ ನಮೂನೆಯ ಪ್ರಮಾಣಪತ್ರ ಬೇಕು. 2022ರ ಡಿಸೆಂಬರಿನ ತಿದ್ದುಪಡಿಯಿಂದಾಗಿ ಈಗಾಗಲೇ ರಾಜ್ಯದ ನಂಬರುಳ್ಳ ಗಾಡಿಯನ್ನೂ ಈ ಸರಣಿಗೆ ಬದಲಾಯಿಸಿಕೊಳ್ಳಬಹುದು. ವಾಸದ ಸ್ಥಳದಲ್ಲಾಗಲಿ ಕೆಲಸದ ಸ್ಥಳದಲ್ಲಾಗಲಿ ಅರ್ಜಿ ಕೊಡಬಹುದು. ಗಾಡಿಯನ್ನು ಅರ್ಹನಲ್ಲದವನಿಗೆ ಮಾರಿದರೆ ಕೊಂಡವನು ತನ್ನ ರಾಜ್ಯದ ನಂಬರನ್ನು ಪಡೆದು ಅಲ್ಲಿನ ತೆರಿಗೆಯನ್ನು ಕಟ್ಟಬೇಕಾಗುವುದರಿಂದ ಮಾರುವಾಗ ಬೆಲೆ ಅಷ್ಟರಮಟ್ಟಿಗೆ ತಗ್ಗುತ್ತದೆ. ಹದಿನಾಲ್ಕು ವರ್ಷ ತುಂಬಿದ ಮೇಲೆ ತೆರಿಗೆಯು ವಾರ್ಷಿಕವಾಗಿ, ಮೊದಲಿನದರ ಅರ್ಧಕ್ಕೆ ಇಳಿಯುತ್ತದೆ. ಕಂತಿನ ದಿನವನ್ನು ಮಾತ್ರ ಮರೆಯಬಾರದು. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ದಂಡ ಬೆಳೆಯತೊಡಗುತ್ತದೆ, ಅದನ್ನು ನೆನಪಿಸಲು ಯಾವ ಕಚೇರಿಯಿಂದಲೂ ಯಾರೂ ಮನೆಗೆ ಬರುವುದಿಲ್ಲ.